ಬಿಸಿಲಲ್ಲಿ ಒಂದು ಕಣ್ಣು ಮುಚ್ಚುವ ಹುಡುಗಿಯರ ಕುರಿತು

ಕಾಸರಕೋಡ, ಹೊನ್ನಾವರ ತಾಲೂಕು
ಫೆಬ್ರವರಿ ೧೯೬೫

ಮಾನ್ಯ ಶಾಲಾ ಆರೋಗ್ಯ ತಪಾಸಣಾಧಿಕಾರಿಗಳೇ,

ನನ್ನ ಮಗಳು ಕಮಲಿಯ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದಾರೆ. ಕತ್ತರಿಸಿದವರು ಹುಬ್ಬಳ್ಳಿಯ ವೈದ್ಯರು; ಅದಕ್ಕೆ ಮುಹೂರ್ತ ಇಟ್ಟವರು ತಾವು. ಇದನ್ನು ಮುಖತಃ ಅರಿಕೆ ಮಾಡಿಕೊಳ್ಳೋಣವೆಂದು ತಮ್ಮ ಕಚೇರಿಗೆ ಬಂದಿದ್ದೆ. ತಾವು ಊಟಕ್ಕೆ ಹೋಗಿದ್ದಿರಿ. ಮತ್ತೊಮ್ಮೆ ಬಂದಾಗ ಊಟ ಮುಗಿಸಿ ಮಲಗಿದ್ದಿರಿ. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಯಾರಾದರೂ ತಮಗೆ ಓದಿ ಹೇಳಿಯಾರು.

ತಮಗೆ ಕಮಲಿ ನೆನಪಿರಲಾರಳು. ಒಂದು ಮುಂಜಾನೆಯಲ್ಲಿ ಇಡೀ ಶಾಲೆಯ ಕಣ್ಣು, ಹಲ್ಲು, ಕಿವಿಗಳನ್ನೆಲ್ಲ ನೋಡಿ ಮುಗಿಸಿ ಮಧ್ಯಾಹ್ನದ ಮೋಟಾರು ಹಿಡಿಯುವ ಮಹನೀಯರಿಗೆ ಒಬ್ಬ ಹುಡುಗಿ ಹೇಗೆ ನೆನಪಿದ್ದಾಳು? ನಾನೇ ನೆನಪು ಮಾಡಿಕೊಡುತ್ತೇನೆ. ಹನ್ನೆರಡು ವರ್ಷದವಳು, ಏಳನೇ ಇಯತ್ತೆ. ನಮ್ಮ ಮನೆ ಶರಾವತಿಯ ಈ ದಡದಲ್ಲಿ, ಶಾಲೆ ಆ ದಡದಲ್ಲಿ. ದಿನಾ ಲಾಂಚಿನಲ್ಲಿ ಹೋಗಿಬರುತ್ತಿದ್ದಳು. ಬಿಸಿಲಿಗೆ ಬಂದರೆ ಎಡಗಣ್ಣು ಮುಚ್ಚಿಕೊಳ್ಳುವುದು ಅವಳ ರೂಢಿ. ದಣಿದು ದೂರ ನೋಡುತ್ತ ಕುಳಿತಾಗ ಆ ಕಣ್ಣು ಮೆಲ್ಲಗೆ ಹೊರಕ್ಕೆ ಜಾರುತ್ತಿತ್ತು. ಕರೆದರೆ ಮತ್ತೆ ನೇರವಾಗುತ್ತಿತ್ತು. ಮನೆಯಲ್ಲಿ ಇದನ್ನು ನಾವು ಕಂಡಿದ್ದೆವು. ಶಾಲೆಯಲ್ಲಿ ಕಂಡದ್ದು ಬೇರೆ. ಹುಡುಗಿ ಗಂಡುಹುಡುಗರಿಗೆ ಕಣ್ಣು ಹೊಡೆಯುತ್ತಾಳೆ ಎಂದು ಒಬ್ಬ ಮಾಸ್ತರರು ಹೇಳಿದರು, ಹುಡುಗರು ನಕ್ಕರು, ಹೆಡ್‌ಮಾಸ್ತರರು ನನಗೆ ಹೇಳಿಕಳಿಸಿದರು.

ಇದು ಕಣ್ಣಿನ ದೋಷವಿರಬೇಕು, ತಪಾಸಣೆಗೆ ಡಾಕ್ಟರು ಬರುತ್ತಾರಲ್ಲ, ಅವರೇ ಹೇಳಲಿ ಎಂದು ಕೇಳಿಕೊಂಡವನು ನಾನು. ಸರಕಾರದ ಡಾಕ್ಟರೆಂದರೆ ದೇವರ ತಮ್ಮ ಎಂದು ನಂಬಿದ್ದೆ. ಮರದ ವ್ಯಾಪಾರಿಯ ಗುಮಾಸ್ತ ನಾನು. ದಿಮ್ಮಿಯ ಪೊಳ್ಳನ್ನು ತಟ್ಟಿ ತಿಳಿಯಬಲ್ಲೆ, ಅಧಿಕಾರಿಯ ಪೊಳ್ಳನ್ನು ತಿಳಿಯುವುದು ಹೇಗೆ?

ತಾವು ಒಂದೊಂದೇ ಕಣ್ಣು ಮುಚ್ಚಿಸಿ ಅಕ್ಷರ ಓದಿಸಿದಿರಿ. ಓದಿದಳು. ಆಮೇಲೆ ಒಂದು ಪೆನ್ಸಿಲು ತಾವು ಹಿಡಿದು, ಇನ್ನೊಂದನ್ನು ಅವಳ ಕೈಗೆ ಕೊಟ್ಟು, ತುದಿಗೆ ತುದಿ ಮುಟ್ಟಿಸು ಎಂದಿರಿ. ಮುಟ್ಟಿಸಿದಳು. ಎರಡೂ ಕಣ್ಣು ಒಂದಾಗಿ ಕೆಲಸ ಮಾಡುತ್ತವೆಯೇ, ಯಾವುದು ಮುಂದೆ ಯಾವುದು ಹಿಂದೆ ಎಂಬ ಅಂದಾಜು ಸಿಗುತ್ತದೆಯೇ ಎಂದು ನೋಡುವ ಪರೀಕ್ಷೆಯಂತೆ ಅದು. ತಿಳಿದೇ ಮಾಡಿದಿರಿ, ಒಪ್ಪುತ್ತೇನೆ. ನಾನು ಬಾಗಿಲಲ್ಲಿ ನಿಂತು, "ಸಾಹೇಬರೇ, ಹತ್ತಿರದ್ದಕ್ಕೆ ತೊಂದರೆ ಇಲ್ಲ, ದೂರ ನೋಡುವಾಗ ಕಣ್ಣು ಜಾರ್ತದೆ. ಒಂದು ಸಲ ಅಂಗಳಕ್ಕೆ ಕರೆದು ನೋಡಿ" ಎಂದೆ.

"ವೈದ್ಯ ನಾನೋ, ನೀನೋ?" ಎಂದಿರಿ.

ತಿರುಗಿ, ಮಕ್ಕಳೆಲ್ಲ ಕೇಳುವಂತೆ ಹೆಡ್‌ಮಾಸ್ತರರಿಗೆ ಹೇಳಿದಿರಿ: "ಕಣ್ಣಿಗೆ ಏನೂ ಆಗಿಲ್ಲ. ಆಗಿರೋದು ನಡತೆಗೆ. ದಿನಾ ಬಿಸಿಲಲ್ಲಿ ನಿಲ್ಲಿಸಿ, ಎರಡೂ ಕಣ್ಣು ತೆರೆದಿಟ್ಟು ಅಭ್ಯಾಸ ಆಗಲಿ. ಇಂಥವರು ಬೇರೆ ಯಾರಿದ್ದರೂ ಇದೇ ಮದ್ದು."

ಹನ್ನೆರಡು ವರ್ಷದ ಹುಡುಗಿಗೆ ಆ ಮಾತು ಎಷ್ಟು ಆಳಕ್ಕೆ ಇಳಿಯಿತೆಂದು ಅಳೆಯುವ ಪೆನ್ಸಿಲು ತಮ್ಮ ಬಳಿ ಇತ್ತೇ?

ತಮ್ಮ ಮದ್ದು ಗುಣ ಕೊಟ್ಟಿತು. ಮಧ್ಯಾಹ್ನದ ಬಿಡುವಿನಲ್ಲಿ ಅವಳನ್ನು ಅಂಗಳದಲ್ಲಿ ನಿಲ್ಲಿಸಿದರು. ಕಣ್ಣು ಮುಚ್ಚಿದರೆ ಬೆತ್ತ. ನಾನು ಹೋಗಿ ಜಗಳ ಮಾಡಿದೆ; ಸಾಹೇಬರ ಆದೇಶ ಎಂದರು. ಶಾಲೆ ಬಿಡಿಸುತ್ತೇನೆಂದೆ. ಕಮಲಿಯೇ ಒಪ್ಪಲಿಲ್ಲ. "ಬಿಟ್ಟರೆ ಅವರು ಹೇಳಿದ್ದೇ ಖರೆ ಅಂದಂಗೆ ಆಗ್ತದಪ್ಪ" ಎಂದಳು. ಮನೆಗೆ ಬಂದರೆ ಅವಳ ತಾಯಿ ನೀಲಾ ಒದ್ದೆ ಬಟ್ಟೆ ಹಣೆಗೆ ಹಾಕಿ ಮಲಗಿಸುತ್ತಿದ್ದಳು. ದೀಪಾವಳಿ ಕಳೆಯುವ ಹೊತ್ತಿಗೆ ಮಗಳು ಬಿಸಿಲಲ್ಲೂ ಎರಡೂ ಕಣ್ಣು ಬಿಟ್ಟುಕೊಂಡೇ ನಡೆಯುವುದನ್ನು ಕಲಿತಳು. ನೀರು ಸುರಿಯುತ್ತಿದ್ದರೂ ಮುಚ್ಚುತ್ತಿರಲಿಲ್ಲ. ಎಷ್ಟು ವಿಧೇಯ ಹುಡುಗಿ!

ಡಿಸೆಂಬರಿನ ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬರುತ್ತಿದ್ದಳು. ನೆತ್ತಿಯ ಮೇಲೆ ಸೂರ್ಯ, ಹೊಳೆಯ ನೀರೆಲ್ಲ ಕನ್ನಡಿ. ಲಾಂಚು ನಿಲ್ಲುವ ಕಲ್ಲುಕಟ್ಟೆ, ಧಕ್ಕೆಗೆ ತಾಗುವ ಮೊದಲೇ ಮಕ್ಕಳು ಇಳಿಯುವುದು ಇಲ್ಲಿಯ ಪದ್ಧತಿ. ಬೇರೆಯವರು ಧಕ್ಕೆಯ ಕಲ್ಲಿನ ಮೇಲೆ ಕಾಲಿಟ್ಟರು. ಕಮಲಿ ಕಲ್ಲಿಲ್ಲದ ಕಡೆ ಕಾಲಿಟ್ಟಳು. ಲಾಂಚಿಗೂ ಕಲ್ಲಿಗೂ ನಡುವೆ ಬಿದ್ದಳು. ಮೇಲೆತ್ತುವುದರೊಳಗೆ ಲಾಂಚು ಬಂದು ತಾಗಿತು.

ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಕಾಲು ಉಳಿಯುವ ಸ್ಥಿತಿಯಲ್ಲಿರಲಿಲ್ಲ. ಎಚ್ಚರವಾದ ಮೇಲೆ ಕಾಲಿನ ವೈದ್ಯರು, "ಹೇಗೆ ಬಿದ್ದೆ ಮಗಾ?" ಎಂದು ಕೇಳಿದರು.

"ಧಕ್ಕೆ ಎರಡು ಕಂಡ್ತು," ಎಂದಳು. "ಯಾವುದು ಖರೆ ಅಂತ ಗೊತ್ತಾಗಲಿಲ್ಲ. ಒಂದು ಕಣ್ಣು ಮುಚ್ಚಿದ್ರೆ ಒಂದೇ ಕಾಣ್ತಿತ್ತು. ಆದ್ರೆ ಮುಚ್ಚೂಕಾಗ ಅಂದಿದ್ರಲ್ಲ."

ಆ ಪುಣ್ಯಾತ್ಮರು ಕಣ್ಣಿನ ವೈದ್ಯೆಯನ್ನು ಕರೆಸಿದರು. ಆಕೆಯೂ ಮೊದಲು ಪೆನ್ಸಿಲನ್ನೇ ಹಿಡಿದರು, ಕಮಲಿ ತಪ್ಪದೆ ಮುಟ್ಟಿಸಿದಳು. ತಾವಾಗಿದ್ದರೆ ಅಲ್ಲಿಗೆ ಕೈ ತೊಳೆಯುತ್ತಿದ್ದಿರಿ. ಆಕೆ ಮಧ್ಯಾಹ್ನದವರೆಗೆ ಕಾದು, ಗಾಯದ ಮಗುವನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಉದ್ದ ಜಗಲಿಯ ಆಚೆ ತುದಿಯಲ್ಲಿ ಎರಡು ಕರಿ ಕೋಲು ನಿಲ್ಲಿಸಿದರು. ಕೋಲಿಗೆ ಕಟ್ಟಿದ ದಾರ ಎಳೆದು ಎರಡನ್ನೂ ಒಂದೇ ಸಾಲಿಗೆ ತರಬೇಕು. ಕಮಲಿ ಎಳೆದಳು. "ಸರಿಯಾತು" ಎಂದಳು. ಹತ್ತಿರ ಹೋಗಿ ನೋಡಿದೆ. ಒಂದಕ್ಕಿಂತ ಇನ್ನೊಂದು ಮೊಳದಷ್ಟು ಹಿಂದಿತ್ತು. ಅವಳ ಎಡಗಣ್ಣು ಆಗ ಕಿವಿಯ ಕಡೆಗೆ ಹೊರಳಿತ್ತು.

"ಹತ್ತಿರಕ್ಕೆ ಎರಡು ಕಣ್ಣೂ ಜೊತೆಗಿರುತ್ತವೆ," ಎಂದರು ವೈದ್ಯೆ. "ದೂರಕ್ಕೆ, ಬಿಸಿಲಿಗೆ, ದಣಿವಿಗೆ ಜೊತೆ ಬಿಡುತ್ತವೆ. ಒಂದು ಕಣ್ಣು ಮುಚ್ಚಿಕೊಂಡೇ ಈ ಹುಡುಗಿ ಇಷ್ಟು ವರ್ಷ ಬೀಳದೆ ಉಳಿದಿದ್ದಳು. ಅದನ್ನು ಬಿಡಿಸಿದವರು ಯಾರು?"

ನಾನು ತಮ್ಮ ಹುದ್ದೆಯನ್ನು ಹೇಳಿದೆ. ಆಕೆ ದಾರ ಸುತ್ತಿ ಕೋಲುಗಳನ್ನು ಎತ್ತಿಟ್ಟರು.

ಎರಡು ಕೋಲು, ಎರಡು ದಾರ, ಒಂದು ಜಗಲಿ. ತಮ್ಮ ಇಲಾಖೆಯಲ್ಲಿ ಇವಕ್ಕೆ ಬರಗಾಲವೇ? ಅಥವಾ ಸರಕಾರ ತಮಗೆ ಮೇಜಿನಷ್ಟು ಅಗಲದ ಜಗತ್ತನ್ನು ಮಾತ್ರ ಮಂಜೂರು ಮಾಡಿದೆಯೇ?

ಕಮಲಿಯ ಕಣ್ಣಿಗೆ ಶಸ್ತ್ರಕ್ರಿಯೆ ಆಗಬಹುದಂತೆ, ನೇರವಾಗಬಹುದಂತೆ. ಕಾಲು ಬೆಳೆಯುವುದಿಲ್ಲ. ಇದಕ್ಕಾಗಿ ತಮ್ಮಿಂದ ಪರಿಹಾರ ಬೇಡುತ್ತಿಲ್ಲ. ತಮ್ಮಲ್ಲಿ ಕೊಡುವಂಥದ್ದು ಏನಿದೆ? ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಮೊನ್ನೆ ಮಗಳ ಪುಸ್ತಕ ತರಲು ಶಾಲೆಗೆ ಹೋದೆ. ಅದೇ ಅಂಗಳದಲ್ಲಿ, ಅದೇ ಬಿಸಿಲಿನಲ್ಲಿ, ನಮ್ಮ ದಡದ ತರಕಾರಿ ಬೆಳೆಯುವ ಹಮ್ಮ ಗೌಡನ ಮಗಳು ಲಕ್ಕಿ ಎರಡೂ ಕಣ್ಣು ಬಿಟ್ಟುಕೊಂಡು ನಿಂತಿದ್ದಾಳೆ. ಕೆನ್ನೆಯ ಮೇಲೆ ನೀರು. ಹೆಡ್‌ಮಾಸ್ತರರನ್ನು ಕೇಳಿದೆ.

"ಸಾಹೇಬರ ಆದೇಶ ರದ್ದಾಗಿಲ್ಲವಲ್ಲ," ಎಂದರು.

ನಾನು ಅವಳನ್ನು ನೆರಳಿಗೆ ಕರೆತಂದೆ. ಬೆನ್ನು ತಿರುಗಿಸುವುದರೊಳಗೆ ಮತ್ತೆ ನಿಲ್ಲಿಸಿದರು. ಸಂಜೆ ಹಮ್ಮನ ಗದ್ದೆಗೆ ಹೋಗಿ ಎಲ್ಲ ಹೇಳಿದೆ. ಅವನು ಬದನೆ ಸಾಲಿಗೆ ನೀರು ಬಿಡುತ್ತಿದ್ದ. "ಡಾಕ್ಟರ್ ಸಾಯ್ಬ್ರು ಹೇಳೂದು ಮಕ್ಕಳ ಒಳ್ಳೇದಕ್ಕೇ ಅಲ್ಲಾ ಒಡ್ಯಾ?" ಎಂದ.

ಅವನಿಗೆ ಏನು ಹೇಳಲಿ? ತಾವು ತಮ್ಮ ಆದೇಶವನ್ನು ಈ ವಾರವೇ, ತಂತಿಯ ಮೂಲಕ, ಹಿಂತೆಗೆದುಕೊಳ್ಳಿ. ಆಮೇಲೆ ಖುದ್ದು ಬನ್ನಿ. ನಡುಮಧ್ಯಾಹ್ನದ ಲಾಂಚಿನಲ್ಲಿ ಹೊಳೆ ದಾಟಿ, ಈ ದಡದ ಪ್ರತಿಯೊಂದು ಮಗುವಿನ ಕಣ್ಣನ್ನೂ ಅಂಗಳದಲ್ಲಿ, ದೂರಕ್ಕೆ ನೋಡಿಸಿ ಪರೀಕ್ಷೆ ಮಾಡಿ. ಮುಗಿದ ಮೇಲೆ ಹಮ್ಮನ ಗದ್ದೆಯ ಬದುವಿನ ಮೇಲೆ ನಿಂತು ಅವನ ಪ್ರಶ್ನೆಗೆ ತಾವೇ ಉತ್ತರ ಕೊಡಿ. ಅಲ್ಲಿಯವರೆಗೆ ಲಕ್ಕಿಯನ್ನು ಲಾಂಚಿನಿಂದ ಕೈ ಹಿಡಿದು ಇಳಿಸಲು ದಿನಾ ಧಕ್ಕೆಯಲ್ಲಿ ನಾನು ನಿಂತಿರುತ್ತೇನೆ.

ಇಂತಿ,
ಈವರೆಗೆ ತಮ್ಮ ವಿಧೇಯನಾಗಿದ್ದ
ಶಾಂತಾರಾಮ