ನಾನು ಒತ್ತದೆಯೇ ಕೂಗಿದ ಅಲಾರಂ

ಮನೆಯಿಂದ,
ಜನವರಿ ೧೨, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಸೊಂಟನೋವು ಕಡಿಮೆ ಆಯಿತಾ? ದಿನವಿಡೀ ವಾರ್ಡಿನಲ್ಲಿ ನಿಂತೇ ಕೆಲಸ ಮಾಡುವವಳು, ಮನೆಗೆ ಬಂದ ಮೇಲಾದರೂ ಕಾಲು ಚಾಚಿ ಕೂತುಕೋ. ಅಪ್ಪ ಅಮ್ಮನನ್ನು ಕೇಳಿದೆನೆಂದು ಹೇಳು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಈ ಮಾತನ್ನು ಈ ಸಲ ರೂಢಿಗೆಂದು ಬರೆಯುತ್ತಿಲ್ಲ.

ನೀನು ಕಳಿಸಿದ ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗುವ ಕೋಣೆಯ ಹೊರಗೆ ಗೋಡೆಯ ಮೇಲಿದೆ. ನೀನು ಹೇಳಿದ ಹಾಗೆ ತಿಂಗಳಿಗೊಮ್ಮೆ ಗುಂಡಿ ಒತ್ತಿ ಹಿಡಿಯುತ್ತೇನೆ. ನಾಲ್ಕು ಸಲ ಕಿರುಚಿ, ತಡೆದು, ಮತ್ತೆ ನಾಲ್ಕು ಸಲ ಕಿರುಚುತ್ತದೆ. ನಿನ್ನ ಮಾವ ಕಿವಿ ಮುಚ್ಚಿಕೊಂಡು, "ಈ ಮನೆಗೆ ಒಂದು ಬಾಯಿ ಸಾಲದು ಅಂತ ಸೊಸೆ ಇನ್ನೊಂದು ಕಳಿಸಿದ್ದಾಳೆ" ಅಂತಾರೆ. ನನ್ನ ಮಗನನ್ನು ಬಚ್ಚಲಲ್ಲೇ ನುಂಗಿದ ಆ ಗ್ಯಾಸ್ ಗೀಸರನ್ನು ಅದೇ ವಾರ ಕಿತ್ತು ಹಾಕಿಸಿದೆವಲ್ಲ, ಇನ್ನು ವಿಷಗಾಳಿ ಎಲ್ಲಿಂದ ಬರಬೇಕು ಅಂದುಕೊಂಡಿದ್ದೆವು.

ಮೊನ್ನೆ ಗುರುವಾರ ಬೆಳಿಗ್ಗೆ ಕರೆಂಟ್ ಹೋಯಿತು. ಮಾವನ ಹೊಲಿಗೆ ಕೋಣೆಯಲ್ಲಿ ಶಾಲೆಯ ಸಮವಸ್ತ್ರಗಳ ರಾಶಿ, ಸಂಜೆಯೊಳಗೆ ಕೊಡಬೇಕು. ಅಟ್ಟದಿಂದ ಹಳೇ ಇದ್ದಿಲ ಇಸ್ತ್ರಿಪೆಟ್ಟಿಗೆ ಇಳಿಸಿ ಕೆಂಡ ತುಂಬಿದರು. ಸಾಲದ್ದಕ್ಕೆ ಚಳಿ ಅಂತ ಪಕ್ಕದಲ್ಲೊಂದು ಬಾಣಲೆಯಲ್ಲೂ ಕೆಂಡ ಇಟ್ಟುಕೊಂಡು ಕಿಟಕಿಗಳನ್ನೆಲ್ಲ ಮುಚ್ಚಿದರು. ನಾನು ಅಲ್ಲೇ ಗುಂಡಿ ಹೊಲಿಯುತ್ತಿದ್ದೆ. ತಲೆ ಸಿಡಿಯತೊಡಗಿತು, ಕನ್ನಡಕ ಬದಲಿಸಬೇಕೇನೋ ಅಂದುಕೊಂಡೆ. ಹೊಗೆಯಿಲ್ಲ, ವಾಸನೆಯಿಲ್ಲ. ಅಷ್ಟರಲ್ಲಿ ಅಲಾರಂ ಕೂಗಿತು, ನಾನು ಒತ್ತದೆಯೇ.

"ಬ್ಯಾಟರಿ ಮುಗಿದಿರಬೇಕು. ಗೀಸರೇ ಇಲ್ಲದ ಮನೆಯಲ್ಲಿ ಇದಕ್ಕೇನು ಬಂತು?" ಅಂದರು ಮಾವ, ತಲೆ ಎತ್ತದೆ.

"ಬ್ಯಾಟರಿ ಮುಗಿದರೆ ಆಗೊಮ್ಮೆ ಈಗೊಮ್ಮೆ ಚಿಕ್ ಅನ್ನುತ್ತೆ ಅಷ್ಟೆ. ಇದು ಹಾಗಲ್ಲ, ಏಳಿ!"

ಏಳಲು ಹೋದರೆ ಅವರಿಗೆ ಕಾಲೇ ನಿಲ್ಲಲಿಲ್ಲ. ತೋಳು ಹಿಡಿದು ಎಳೆದುಕೊಂಡೇ ಬೀದಿಗೆ ಬಂದೆ. ಎದುರುಮನೆಯ ಕಾಂಪೌಂಡರ್ ಅಗ್ನಿಶಾಮಕದವರಿಗೆ ಫೋನ್ ಮಾಡಿದರು. ಅವರು ಗಾಳಿ ಅಳೆಯುವ ಮೀಟರ್ ಹಿಡಿದು ಒಳಗೆ ಹೋಗಿಬಂದು, ಮುಚ್ಚಿದ ಕೋಣೆಯಲ್ಲಿ ಕೆಂಡದಿಂದಲೂ ಅದೇ ವಿಷಗಾಳಿ ಬರುತ್ತದೆ, ಇನ್ನು ಸ್ವಲ್ಪ ಹೊತ್ತು ಕೂತಿದ್ದರೆ ನೀವಿಬ್ಬರೂ ಏಳುತ್ತಲೇ ಇರಲಿಲ್ಲ ಅಂದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು ಮರುದಿನ ಮನೆಗೆ ಕಳಿಸಿದರು. ಗಾಬರಿಯಾಗಬೇಡ.

ಆದರೆ ಬೀದಿಯಲ್ಲಿ ನಡೆದದ್ದು ನಿನಗೆ ಹೇಳಲೇಬೇಕು. ಬರಿಗಾಲು, ಕೊರಳಲ್ಲಿ ಅಳತೆ ಟೇಪು, ಮಾವ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಒಳಗೆ ಅದು ಇನ್ನೂ ಕೂಗುತ್ತಲೇ ಇತ್ತು. "ಅವನಿಗೂ ಯಾರಾದರೂ ಹೀಗೆ ಕೂಗಿ ಹೇಳಿದ್ದರೆ..." ಅಂದವರೇ, ಅಷ್ಟು ಜನರ ಮುಂದೆ ಗಳಗಳನೆ ಅತ್ತುಬಿಟ್ಟರು. ಅವನನ್ನು ಕಳಿಸಿಕೊಟ್ಟ ದಿನವೂ ಕಣ್ಣೀರು ಹಾಕದ ಮನುಷ್ಯ. ಸುಮ್ಮನಿರಿ ಅನ್ನಲು ನನಗೆ ಮನಸ್ಸಾಗಲಿಲ್ಲ. ನಿನ್ನೆ ಊಟಕ್ಕೆ ಕೂತಾಗ, ಅವನು ಚಿಕ್ಕವನಿದ್ದಾಗ ಗಿರಾಕಿಯ ಹೊಸ ಕೋಟಿನ ತೋಳು ಕತ್ತರಿಸಿ ಮಂಚದಡಿ ಅಡಗಿದ್ದನ್ನು ತಾವಾಗಿಯೇ ನೆನೆದು ನಕ್ಕರು. ಇಷ್ಟು ದಿನ ಅವನ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು.

ಮೈಯೂ ಮನಸ್ಸೂ ಗಟ್ಟಿಯಾಗಿರಲಿ, ತಾಯಿ.

ನಿನ್ನ ಅತ್ತೆ

ಮತ್ತೆ, ಲಕೋಟೆ ಅಂಟಿಸುವ ಮುಂಚೆ: ನಿನ್ನ ಅಪ್ಪ ಫೋನ್ ಮಾಡಿದ್ದರು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ನಿನ್ನನ್ನು ಮದುವೆಗೆ ಕೇಳಿದ್ದಾರಂತೆ, ಅತ್ತೆ ಮಾವ ನೊಂದುಕೊಂಡಾರು ಅಂತ ನೀನು ಬೇಡ ಅಂದೆಯಂತೆ. ಅವರು ನಿನಗೆ ಹಿಡಿಸದಿದ್ದರೆ ಬೇಡ ಅನ್ನು, ನಮ್ಮ ಹೆಸರು ಹೇಳಿ ಅನ್ನಬೇಡ. ಮಾವನಿಗೆ ಹೇಳಿದೆ. ಕತ್ತರಿ ಕೆಳಗಿಟ್ಟು, ಕೊರಳಿನ ಅಳತೆ ಟೇಪು ತೆಗೆದು ಸುತ್ತಿದರು. ಆಮೇಲೆ, "ಅವಳ ಮದುವೆ ಬಟ್ಟೆಯನ್ನು ಬೇರೆ ಯಾವ ದರ್ಜಿಯೂ ಮುಟ್ಟಕೂಡದು" ಅಂದರು. ಅಳತೆ ಕಳಿಸು.