ಒಳಗೆ ಜನರಿದ್ದಾರೆ: ಆರನೇ ಆವೃತ್ತಿಗೆ ಮುಂಚೆ ಓದಬೇಕಾದ ಪತ್ರ

ಆಟದ ನಿಯಮಾವಳಿ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಾವು ನಾಲ್ಕು ಜನ ಹದಿಮೂರು ವರ್ಷದಿಂದ ಒಂದೇ ಗುಹೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ. ಕಾರಣ ನೀವು. ಗಾಬರಿಯಾಗಬೇಡಿ, ಪೊಲೀಸರನ್ನು ಕರೆಸುವಂಥ ಗುಹೆಯಲ್ಲ. ನಿಮ್ಮದೇ ಸಂಸ್ಥೆಯ ಆಟದೊಳಗಿನ ಗುಹೆ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ ನಿಮ್ಮದು. ಹೊರಬರಲು ನಮಗೆ ಬಾಕಿ ಇದ್ದದ್ದು ನಕ್ಷೆಯಲ್ಲಿ ಹನ್ನೊಂದೇ ಹನ್ನೊಂದು ಮನೆ. ಅಷ್ಟರಲ್ಲಿ ನಿಮ್ಮ ಪ್ರಕಟಣೆ ಬಂತು: ಈ ತಿಂಗಳ ಕೊನೆಗೆ ಐದನೇ ಆವೃತ್ತಿ ಮುಚ್ಚಿ ಆರನೆಯದು ಜಾರಿಗೆ ಬರುತ್ತದೆ. ಜೊತೆಗೊಂದು ಅಭಿನಂದನೆ ಬೇರೆ. ಯಾರಿಗೆ, ಯಾತಕ್ಕೆ ಅಂತ ತಿಳಿಯಲಿಲ್ಲ.

ನಾನು ಲಿಫ್ಟ್ ರಿಪೇರಿಯವನು. ನಮ್ಮ ಆಟದ ಸೂತ್ರಧಾರನೂ ನಾನೇ, ಅಂದರೆ ಗುಹೆಯಲ್ಲಿ ಎಲ್ಲಿ ಏನಿದೆ ಅನ್ನುವುದು ನನ್ನ ನೋಟ್‌ಬುಕ್ಕಿಗೆ ಮಾತ್ರ ಗೊತ್ತು. ಆಡುವವರು ಮೂವರು. ನನ್ನ ಅಕ್ಕ, ಕೆಲಸದಲ್ಲಿ ಟೈಲರ್, ಆಟದಲ್ಲಿ ಬಿಲ್ಲುಗಾತಿ. ಅವಳ ಗಂಡ, ನನ್ನ ಭಾವ, ಅಂಗಡಿಗಳ ತಕ್ಕಡಿ ಪರೀಕ್ಷಿಸುವ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು, ಆಟದಲ್ಲಿ ಮಂತ್ರವಾದಿ. ಮೂರನೆಯವರು ಪಕ್ಕದ ಮನೆಯ ಡ್ರೈವರಮ್ಮ. ವಾರವಿಡೀ ಶಾಲೆಯ ಬಸ್ಸು ಓಡಿಸುತ್ತಾರೆ, ಭಾನುವಾರ ಮಧ್ಯಾಹ್ನ ಕಳ್ಳಿಯಾಗುತ್ತಾರೆ. ಅಕ್ಕ ಬಟ್ಟೆ ಕತ್ತರಿಸುವ ಉದ್ದನೆಯ ಮೇಜೇ ನಮ್ಮ ಆಟದ ಮೇಜು. ಅಳತೆಯ ಪ್ಯಾಟರ್ನ್ ಬರೆಯುವ ಕಂದು ಕಾಗದದ ಮೇಲೆ ಗುಹೆಯ ನಕ್ಷೆಯನ್ನು ಮನೆ ಮನೆಯಾಗಿ ಬರೆಯುವವಳೂ ಅವಳೇ. ಸುರುಳಿ ಬಿಚ್ಚಿದರೆ ಈಗ ಅದು ಮೇಜು ದಾಟಿ ನೆಲ ಮುಟ್ಟುತ್ತದೆ.

ಗುಹೆಯೊಳಗೆ ನಾವು ಕಾಲಿಟ್ಟದ್ದು ಎರಡನೇ ಆವೃತ್ತಿಯಲ್ಲಿ. ಒಂದು ವರ್ಷದಲ್ಲಿ ಆಚೆ ಬರಬೇಕಿತ್ತು. ಮೂರನೆಯದರಲ್ಲಿ ನೀವು ನಿದ್ದೆಯ ನಿಯಮ ತಿದ್ದಿದಿರಿ. ಹಿಂದಿನ ವಾರ ಕಣ್ತುಂಬ ನಿದ್ದೆ ಮಾಡಿ ಎದ್ದಿದ್ದ ಮೂವರೂ ಹೊಸ ನಿಯಮದ ಪ್ರಕಾರ ಅರೆಜೀವವಾಗಿ ಬಿದ್ದರು. ಅವರನ್ನು ಎಬ್ಬಿಸಿ ನಿಲ್ಲಿಸಲು ನನಗೆ ಎಂಟು ತಿಂಗಳು ಬೇಕಾಯಿತು. ನಾಲ್ಕನೆಯದರಲ್ಲಿ ಹಗ್ಗ ಎಷ್ಟು ಭಾರ ತಡೆಯುತ್ತದೆ ಅನ್ನುವುದನ್ನು ಬದಲಿಸಿದಿರಿ. ಆ ಹೊತ್ತಿಗೆ ಸರಿಯಾಗಿ ಭಾವ ಒಂದು ಕಂದರ ದಾಟುತ್ತಿದ್ದರು. ಹೊಸ ಹಗ್ಗದಲ್ಲಿ ಅವರು ಮುಂದಕ್ಕೂ ಹೋಗುವಂತಿಲ್ಲ, ಹಿಂದಕ್ಕೂ ಬರುವಂತಿಲ್ಲ, ಬೀಳುವುದಕ್ಕೂ ನಿಯಮದಲ್ಲಿ ಅವಕಾಶವಿಲ್ಲ. ಏಳು ತಿಂಗಳು ನೇತಾಡಿದರು. ಯಾರಾದರೂ ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳಿದರೆ, “ನೇತಾಡ್ತಾ ಇದ್ದೀನಿ” ಅನ್ನುತ್ತಿದ್ದರು. ಐದನೆಯದರಲ್ಲಿ ಕಳ್ಳಿ ಎಂಬ ಪದ ಗೌರವಕ್ಕೆ ಕುಂದು ತರುತ್ತದೆಂದು ಡ್ರೈವರಮ್ಮನನ್ನು ‘ಸ್ವತ್ತು ವರ್ಗಾವಣೆ ಪರಿಣತೆ’ ಮಾಡಿದಿರಿ. ಹೆಸರು ಉದ್ದವಾಯಿತು, ಬೀಗ ತೆಗೆಯುವ ವಿದ್ಯೆ ಕಿತ್ತುಹೋಯಿತು.

ನಿಯಮದ ಪುಸ್ತಕವಾದರೂ ಕಪಾಟಿನಲ್ಲಿ ಇರುತ್ತಿತ್ತು. ಅದನ್ನೂ ಹಳೆಯದು ಕೊಟ್ಟು ಹೊಸದು ಒಯ್ಯಿರಿ ಅನ್ನುವ ಯೋಜನೆಯಲ್ಲಿ ವಾಪಸ್ ಇಸಿದುಕೊಂಡಿರಿ. ಐದನೇ ಆವೃತ್ತಿ ಬರಿ ಫೋನಿನಲ್ಲಿ. ಅಲ್ಲಿ ಎರಡು ಗುಂಡಿ: ‘ಒಪ್ಪುತ್ತೇನೆ’, ‘ಆಮೇಲೆ ನೆನಪಿಸು’. ಬೇಡ ಅನ್ನುವುದಕ್ಕೆ ಗುಂಡಿಯೇ ಇಲ್ಲವಲ್ಲ ಸ್ವಾಮಿ! ಬೇಡ ಅನ್ನುವವರು ಇರಬಹುದೆಂದು ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ತಿಂಗಳ ಕೊನೆಯ ದಿನ ದಾಟಿದರೆ ಹಳೆಯ ನಿಯಮ ತಾನಾಗಿಯೇ ಅಳಿಸಿಹೋಗುತ್ತದಂತೆ. ನನ್ನ ಮನೆಯ ಕಪಾಟಿಗೆ ಕೈಹಾಕಿ ಪುಸ್ತಕ ಎತ್ತಿಕೊಂಡು ಹೋದರೆ ಅದಕ್ಕೊಂದು ಹೆಸರಿದೆ. ಫೋನಿಗೆ ಕೈಹಾಕಿದರೆ ಮಾತ್ರ ಅದು ಸುಧಾರಣೆ.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆ. ನೇತಾಡಿ ಅಭ್ಯಾಸವಾದ ಮನೆಯವರು ನಾವು. ಆದರೆ ಅಕ್ಕನ ಕಣ್ಣು ಹೋಗುತ್ತಿದೆ. ನೋಟದ ನಡುಭಾಗ ಮಸುಕಾಗಿ, ಅಂಚು ಮಾತ್ರ ಉಳಿಯುತ್ತಿದೆ. ಸೂಜಿಗೆ ದಾರ ಪೋಣಿಸುವುದು ಈಗ ಭಾವನ ಕೆಲಸ. ಕಾಗದದ ಮೇಲೆ ದಪ್ಪ ಪೆನ್ಸಿಲಿನ ಗೆರೆಯನ್ನು ಅವಳು ತಲೆ ವಾರೆ ಮಾಡಿ, ಕಣ್ಣಂಚಿನಲ್ಲಿ ಹಿಡಿದು ಎಳೆಯುತ್ತಾಳೆ. ಅದೂ ಇನ್ನು ಆರು ತಿಂಗಳು ಅಂದಿದ್ದಾರೆ ಕಣ್ಣಿನ ಡಾಕ್ಟರು. ಅವಳಿಗೆ ಇರುವುದು ಒಂದೇ ಹಟ: ತಾನು ಶುರು ಮಾಡಿದ ನಕ್ಷೆಯ ಕೊನೆಯ ಮನೆಯನ್ನು ತಾನೇ ಬರೆಯಬೇಕು, ಬರೆದದ್ದನ್ನು ನೋಡಬೇಕು. ವಾರಕ್ಕೆ ಮೂರು ಮನೆಯಂತೆ ನಾಲ್ಕು ಭಾನುವಾರದಲ್ಲಿ ಮುಗಿಯುವ ಕೆಲಸವಿದು. ಈ ತಿಂಗಳಲ್ಲಿ ಇನ್ನು ಒಂದು ಭಾನುವಾರವೂ ಉಳಿದಿಲ್ಲ. ಆರನೇ ಆವೃತ್ತಿಯಲ್ಲಾದರೆ ನಕ್ಷೆ ಕಾಗದದ ಮೇಲೆ ಇರುವುದೇ ಇಲ್ಲ, ಅಂಗೈಯಗಲದ ಪರದೆಯೊಳಗೆ ಇರುತ್ತದೆ. ಅವಳ ಪಾಲಿಗೆ ಅದು ಬರೀ ಹೊಳೆಯುವ ಹಲಗೆ.

ಇದನ್ನೆಲ್ಲ ವಿವರಿಸಿ ನಿಮ್ಮ ಸಹಾಯ ವಿಭಾಗಕ್ಕೆ ಬರೆದೆ. ಒಂದೇ ನಿಮಿಷದಲ್ಲಿ ಉತ್ತರ ಬಂತು: ‘ಹೊಸ ಆವೃತ್ತಿಗೆ ಬಂದರೆ ನಿಮ್ಮ ತೊಂದರೆ ಪರಿಹಾರವಾಗುತ್ತದೆ.’ ಕಣ್ಣೂ ಬರುತ್ತದೆಯೋ ಎಂದು ಕೇಳಿದೆ.

ಕಳೆದ ಭಾನುವಾರ ಭಾವ ನಿಮ್ಮ ಪ್ರಕಟಣೆಯನ್ನು ಗಟ್ಟಿಯಾಗಿ ಓದಿದರು. “ಒಂದು ಮನೇನ ನಾಲ್ಕು ಮಾಡಿದ್ದಾರೆ. ನಮ್ಮ ಹನ್ನೊಂದು ಈಗ ನಲವತ್ತನಾಲ್ಕು.”

“ಯಾಕಂತೆ?” ಅಂದರು ಡ್ರೈವರಮ್ಮ.

“ನಿಖರತೆಗಂತೆ.”

“ಸ್ಟಾಪ್ ಕಾಣಿಸ್ತಿರೋವಾಗ ಹೀಗೆ ರಸ್ತೆ ಉದ್ದ ಮಾಡ್ತಾ ಹೋದ್ರೆ, ಮಕ್ಕಳು ನನ್ನ ಬಸ್ಸಲ್ಲೇ ಮುದುಕರಾಗ್ತಾರೆ ಅಷ್ಟೇ.”

ಅಕ್ಕ ಪೆನ್ಸಿಲ್ ಕೆಳಗಿಟ್ಟಳು. “ಬಾಯಿಪಾಠ ಆಗಿರೋ ಹಳೇ ನಿಯಮದಲ್ಲೇ ಆಡಿ ಮುಗಿಸೋಣ ಕಣೋ. ಯಾರು ಬಂದು ನೋಡ್ತಾರೆ?”

ನಾನು ಹೂಂ ಅನ್ನುವ ಮೊದಲು ಭಾವ ನಕ್ಷೆಯ ಮೊದಲ ಮೂಲೆಯ ಮೇಲೆ ಬೆರಳಿಟ್ಟರು. ‘ಚಾಲ್ತಿಯಲ್ಲಿರುವ ನಿಯಮದಂತೆ ಮಾತ್ರ ಆಡುತ್ತೇವೆ’ ಎಂದು ಬರೆದು ನಾಲ್ವರೂ ಸಹಿ ಹಾಕಿದ್ದೇವೆ ಅಲ್ಲಿ. ಅಕ್ಷರ ನನ್ನದೇ. ಎರಡನೇ ಆವೃತ್ತಿ ಬಂದಾಗ ಅದರ ಹೊಸ ಕತ್ತಿಗಳ ಆಸೆಗೆ ಬಿದ್ದು, ಹಳೆಯದೇ ಸಾಕು ಅಂದ ಇವರ ಬಾಯಿ ಮುಚ್ಚಿಸಲು ನಾನೇ ಬರೆದ ಸಾಲು ಅದು. ನನ್ನ ಕೈಗೆ ನಾನೇ ತೊಡಿಸಿಕೊಂಡ ಕೋಳ.

“ನನಗೇನು ಖುಷಿನಾ?” ಅಂದರು ಭಾವ. ಅವರ ದನಿ ಸಣ್ಣಗಾಗಿತ್ತು. “ಮೂವತ್ತು ವರ್ಷ, ಅವಧಿ ಮುಗಿದ ಹಳೇ ಮುದ್ರೆಯ ತೂಕದ ಬಟ್ಟು ಇಟ್ಕೊಂಡೋರ ತಕ್ಕಡಿ ಜಪ್ತಿ ಮಾಡಿದೋನು ನಾನು. ಈಗ ನನ್ನ ಮನೇಲೇ ಹಳೇ ಮುದ್ರೆ ನಡೆಸ್ಲಾ? ಅವರೇ ಬೇಕಾದ್ರೆ ಅವಧಿ ಮುಂದಕ್ಕೆ ಹಾಕ್ಲಿ. ನಾಳೇನೇ ಆಡ್ತೀನಿ.”

ಅಕ್ಕನಿಗೆ ಸಿಟ್ಟು ಬರಲಿಲ್ಲ, ನಕ್ಕಳು. ಆ ನಗು ನನಗೆ ಇನ್ನೂ ಚುಚ್ಚುತ್ತಿದೆ. “ಹೋಗ್ಲಿ ಬಿಡಿ. ಲೇ ತಮ್ಮ, ಹೊರಗೆ ಬೆಳಕಿದೆಯೋ ಇಲ್ವೋ, ಅಷ್ಟಾದ್ರೂ ಹೇಳಿಬಿಡು.”

ಸೂತ್ರಧಾರ ಗುಟ್ಟು ಬಿಡಬಾರದು. ನಾನು ನಕ್ಷೆ ಸುತ್ತತೊಡಗಿದೆ. ಆಗ ಕಂಡಿತು. ಖಾಲಿ ಬಿಟ್ಟ ಹನ್ನೊಂದು ಮನೆಗಳಾಚೆ, ಕಾಗದದ ಕೊನೆಯವರೆಗೂ, ಅವಳು ಹಳದಿ ಬಣ್ಣ ತುಂಬಿದ್ದಳು.

“ಇದನ್ನ ಯಾವಾಗ ಹಚ್ಚಿದೆ?”

“ಹಳದಿ ಯಾವುದು ಅಂತ ಇನ್ನೂ ಗೊತ್ತಾಗ್ತಿದ್ದಾಗ.”

ಮಾನ್ಯರೇ, ಈಗ ನಿಮ್ಮ ಮುಂದೆ ಒಂದು ತಪ್ಪೊಪ್ಪಿಗೆ. ಗುಹೆಯ ಬಾಯಿಯಾಚೆ ಏನಿದೆ ಎಂದು ನನ್ನ ನೋಟ್‌ಬುಕ್ಕಿನಲ್ಲಿ ಹದಿಮೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದೆ: ‘ಇನ್ನೊಂದು ಗುಹೆ. ಇದಕ್ಕಿಂತ ದೊಡ್ಡದು.’ ಇವರು ಹೊರಗೆ ಬಂದುಬಿಟ್ಟರೆ ಆಟ ಮುಗಿಯುತ್ತದೆ, ಭಾನುವಾರ ಆ ಮೇಜಿನ ಸುತ್ತ ಯಾರೂ ಬರುವುದಿಲ್ಲ ಅನ್ನುವ ಭಯ ನನಗೆ. ನಿಮ್ಮ ಕಚೇರಿಯಲ್ಲಿ ಆವೃತ್ತಿಯ ಮೇಲೆ ಆವೃತ್ತಿ ಹುಟ್ಟುವುದೂ ಇಂಥದೇ ಭಯಕ್ಕೋ ಏನೋ. ಹಾಗಿದ್ದರೆ ನಾವಿಬ್ಬರೂ ಒಂದೇ ಕಸುಬಿನವರು, ಬೈಯುವ ಹಕ್ಕು ನನಗೂ ಅರ್ಧವೇ. ಆದರೆ ಅಂದು ಮನೆಗೆ ಬಂದವನೇ ಆ ಪುಟ ಹರಿದು ಹಾಕಿದೆ. ‘ಬಯಲು. ಬೆಳಗಿನ ಹೊತ್ತು. ಹಳದಿ ಬಿಸಿಲು’ ಎಂದು ಹೊಸದಾಗಿ ಬರೆದೆ. ಬರೆಯುವಾಗ ಅತ್ತೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ನನ್ನ ಕಡೆಯ ಬಾಗಿಲು ಈಗ ತೆರೆದಿದೆ. ಉಳಿದಿರುವುದು ನಿಮ್ಮ ಕಡೆಯದು.

ನನ್ನ ಬೇಡಿಕೆ ದೊಡ್ಡದೇನಲ್ಲ. ಐದನೇ ಆವೃತ್ತಿಯನ್ನು ಇನ್ನು ನಾಲ್ಕು ಭಾನುವಾರ ಚಾಲ್ತಿಯಲ್ಲಿಡಿ, ಅದನ್ನು ಭಾವ ಒಪ್ಪುವಂತೆ ಮುದ್ರೆ ಒತ್ತಿ ಬರೆದುಕೊಡಿ. ಆಮೇಲೆ ಆರು, ಏಳು, ಬೇಕಾದರೆ ಅರವತ್ತನೆಯದನ್ನೂ ತನ್ನಿ. ಹಳೆಯ ಲಿಫ್ಟಿಗೆ ಹೊಸ ಕಂಟ್ರೋಲ್ ಕೂರಿಸುವುದು ನನಗೂ ಗೊತ್ತು, ನಾನು ಹೊಸದರ ವೈರಿಯಲ್ಲ. ಆದರೆ ಒಳಗೆ ಜನರಿರುವಾಗ ನಾವು ಒಂದು ವೈರನ್ನೂ ಮುಟ್ಟುವುದಿಲ್ಲ. ಮೊದಲು ಅವರು ಹೊರಗೆ ಬರಬೇಕು. ಎಲ್ಲೋ ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತು ಒಳಗಿನವರು ಬಾಗಿಲು ಬಡಿಯುವಾಗ, ನಾನು ಹೊರಗಿನಿಂದ ಕೂಗಿ ಕೇಳುವುದು ಒಂದೇ ಪ್ರಶ್ನೆ: “ಒಳಗೆ ಎಷ್ಟು ಜನ ಇದ್ದೀರಿ?” ಐದು ಆವೃತ್ತಿಗಳಲ್ಲಿ ನೀವು ಒಮ್ಮೆಯೂ ಅದನ್ನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನಾಲ್ಕು ಜನ ಇದ್ದೇವೆ. ಅದರಲ್ಲಿ ಒಬ್ಬಳಿಗೆ ಕಾಯುವಷ್ಟು ಹೊತ್ತಿಲ್ಲ.

ಇಂತಿ,
ಬಾಗಿಲಿಗೆ ಹನ್ನೊಂದು ಮನೆ ದೂರದಲ್ಲಿ ನಿಂತಿರುವ,
ಊರಿನವರನ್ನೆಲ್ಲ ಲಿಫ್ಟಿನಿಂದ ಬಿಡಿಸಿ ಸ್ವಂತ ಅಕ್ಕನನ್ನು ಬಿಡಿಸಲಾಗದ ರಿಪೇರಿಯವನು