ಬಾಗಿಲ ದೀಪದ ಡಬ್ಬಿ

ಅಕ್ಕಿಆಲೂರು
7 ಜುಲೈ 2024, ರವಿವಾರ

ಪ್ರೀತಿಯ ಅನ್ನವ್ವಕ್ಕನಿಗೆ ತಮ್ಮ ರುದ್ರೇಶನ ಶರಣು.

ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಯಲವಿಗಿಯಲ್ಲಿ ತನುಜಾಳ ಮನೆಯ ಮೆಟ್ಟಿಲು ಎತ್ತರ, ಹತ್ತುವಾಗ ಗೋಡೆ ಹಿಡಿದುಕೋ. ಬಿಪಿ ಗುಳಿಗೆ ಮುಂಜಾನೆಯದು, ರಾತ್ರಿಯದಲ್ಲ. ಮಗಳ ಮನೆ ಎಂದು ಸಂಕೋಚಪಟ್ಟು ಗುಳಿಗೆ ತೀರಿದ್ದನ್ನು ಹೇಳದೆ ಕೂರಬೇಡ, ನಿನ್ನ ಗುಣ ನನಗೆ ಗೊತ್ತು. ರೈಲು ಹೋಗುವಾಗ ಅಲ್ಲಿ ನೆಲ ನಡುಗುತ್ತದಂತೆ, ಕಿವಿ ಕೇಳದಿದ್ದರೂ ಗಾಡಿ ಬಂದದ್ದು ಅವ್ವನಿಗೆ ಅಂಗಾಲಿನಿಂದ ತಿಳಿಯುತ್ತದೆ ಎಂದು ತನುಜಾ ಫೋನಿನಲ್ಲಿ ಹೇಳಿದಳು. ಫೋನನ್ನು ನಿನ್ನ ಕೈಗೂ ಕೊಟ್ಟಳು. ನಾನು ಮೂರು ಸಲ ಕೂಗಿದೆ, ಮೂರೂ ಸಲ ನೀನು "ಹಾಂ, ಉಂಡೇನಿ, ಉಂಡೇನಿ" ಎಂದೆ. ಅದಕ್ಕೇ ಈ ಕಾಗದ. ಏಳನೇ ಇಯತ್ತೆ ಓದಿದವಳು ನೀನು. ಕಾಗೆ ಕಾಲು ಗುಬ್ಬಿ ಕಾಲು ಎಂದು ನನ್ನ ಅಕ್ಷರವನ್ನು ಬೈಯುತ್ತಲಾದರೂ ಕೊನೆಯತನಕ ಓದು.

ನಾನು ಆರಾಮ ಇದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಮಿಲ್ಲಿಗೆ ಹೋಗುತ್ತೇನೆ, ಮೋಟರು ನೋಡುತ್ತೇನೆ, ಬರುತ್ತೇನೆ. ನನ್ನ ರೊಟ್ಟಿ ಇನ್ನೂ ಯಾವ ದೇಶದ ನಕಾಶೆ ಎಂದು ಹೇಳಲು ಬರುವುದಿಲ್ಲ. ಬಾಜೂ ಮನೆಯ ಬಿಬಿಜಾನ ಒಂದು ದಿನ ನೋಡಿ, "ಯಣ್ಣಾ, ಇದನ್ನ ತಿಂತೀರೋ, ಬಾಗಲಕ್ಕ ತೂಗಹಾಕ್ತೀರೋ?" ಎಂದು ನಕ್ಕು ಒಂದು ಡಬ್ಬಿ ಪಲ್ಯ ಕೊಟ್ಟು ಹೋದಳು. ನಿನಗೆ ಕೇಳಿಸಲೆಂದು ಜೋರಾಗಿ ಮಾತಾಡಿ ರೂಢಿಯಾಗಿದೆ ನೋಡು, ಈಗಲೂ ಮನೆಯೊಳಗೆ ಬಂದವನೇ "ಮಳಿ ಬರಾಕತ್ತೇತಿ ಬೇ!" ಎಂದು ಒದರುತ್ತೇನೆ. ಒದರಿದ ಮೇಲೆ ನೆನಪಾಗುತ್ತದೆ. ಆಮೇಲೆ ಚಪ್ಪಲಿ ಬಿಡುವ ಸಪ್ಪಳ ಕೂಡ ನನಗೆ ದೊಡ್ಡದಾಗಿ ಕೇಳುತ್ತದೆ. ನೀನು ಹೋಗಿ ಐವತ್ತೆರಡು ದಿನವಾಯಿತು, ಅಕ್ಕ. ಆ ಐವತ್ತೆರಡು ದಿನದಲ್ಲಿ ನಮ್ಮ ಬಾಗಿಲ ಗುಂಡಿಯನ್ನು ಒತ್ತಿದವನು ನಾನೊಬ್ಬನೇ.

ಆ ಗುಂಡಿಯ ಮಾತನ್ನೇ ಬರೆಯಬೇಕು. ಬಾಗಿಲು ಬಡಿದದ್ದು ನಿನಗೆ ಕೇಳುವುದಿಲ್ಲವೆಂದು ನಾನೇ ಕೂತು ಮಾಡಿದ ಡಬ್ಬಿ ಅದು. ಹೊರಗೆ ಗುಂಡಿ ಒತ್ತಿದರೆ ಒಳಗೆ ಅಡುಗೆಮನೆಯಲ್ಲಿ ದೊಡ್ಡ ದೀಪ ಮಿಣುಕಬೇಕು. ಮೊದಲ ಸಲ ಕೂಡಿಸಿದ ದಿನ ನಾನು ಹೊರಗೆ ನಿಂತು ಒತ್ತಿದಾಗ ನೀನು ಒಳಗಿನಿಂದ "ಹತ್ತೇತಿ ನೋಡಲೇ ತಮ್ಮಾ!" ಎಂದು ಕೂಗಿದ್ದೆ, ಆ ದನಿ ಇನ್ನೂ ಕಿವಿಯಲ್ಲಿದೆ. ಅದೇ ಡಬ್ಬಿ ಮೇ ತಿಂಗಳ ಬಿಸಿಲಿನಲ್ಲಿ ಕೈಕೊಟ್ಟಿತು. ತನುಜಾ ಬಂದು ಒಂದು ತಾಸು ಗುಂಡಿ ಒತ್ತಿದಳು, ಬಾಗಿಲು ಬಡಿದಳು. ನೀನು ಒಳಗಿನಿಂದ ಚಿಲಕ ಹಾಕಿಕೊಂಡು ಶಾವಿಗೆ ಹೊಸೆಯುತ್ತಿದ್ದೆ. ಕೊನೆಗೆ ಬಿಬಿಜಾನಳ ಹಿತ್ತಲಿನಿಂದ ಗೋಡೆ ಹತ್ತಿ ಒಳಗೆ ಬಂದಳು. ನಾನು ಮಿಲ್ಲಿನಿಂದ ಬಂದಾಗ, "ಒಳಗ ಅವ್ವ ಬಿದ್ದಾಳೇನೋ ಅಂತ ನನ್ನ ಜೀವಾನ ಹೋಗಿತ್ತು, ಮಾಮಾ. ಇಂಥಾ ಮನ್ಯಾಗ ಆಕಿನ್ನ ಒಬ್ಬಾಕಿನ್ನ ಹೆಂಗ ಬಿಡ್ಲಿ?" ಎಂದಳು. ಅವಳ ಎದುರಿಗೇ ನಾನು ನಿನ್ನ ಮೇಲೆ ಹರಿಹಾಯ್ದೆ. "ಮುಟ್ಟಬ್ಯಾಡ ಅಂತ ಎಷ್ಟ ಸಲ ಹೇಳೇನಿ? ನೀನ ಏನರ ಮಾಡಿ ಕೆಡಿಸಿರ್ತಿ!" ನಿನಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ, ಓಣಿಗೆಲ್ಲ ಕೇಳಿಸಿತು. ನೀನು ಶಾವಿಗೆಯನ್ನು ಅರಿವೆ ಮುಚ್ಚಿ ಇಟ್ಟೆ, ಚೀಲಕ್ಕೆ ನಾಲ್ಕು ಸೀರೆ ಹಾಕಿಕೊಂಡೆ, ಮಗಳ ಹಿಂದೆ ಬಸ್ಸು ಹತ್ತಿದೆ.

ಅವತ್ತು ಸಂಜೆಯೇ ಡಬ್ಬಿ ತೆಗೆದು ನೋಡಿದರೆ ದೀಪ ಸರಿಯಾಗಿ ಹತ್ತುತ್ತಿತ್ತು! ನೋಡಿದ್ಯಾ, ಅಕ್ಕನೇ ಏನೋ ಮಾಡಿದ್ದಳು ಎಂದು ನನ್ನ ಸೊಕ್ಕು ಇನ್ನೂ ಏರಿತು. ಆದರೂ ಬಿಡಲಿಲ್ಲ. ಡಬ್ಬಿಯನ್ನು ಮೇಜಿನ ಮೇಲೆ ಬಿಚ್ಚಿಟ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಎಲ್ಲ ಸರಿ, ಆದರೆ ಒಳಗೆ ಮೂರು ಕಾಲಿನ ಒಂದು ಕರಿ ರೆಗ್ಯುಲೇಟರ್ ಇದೆಯಲ್ಲ, ಬಂದ ಕರೆಂಟನ್ನು ಐದು ವೋಲ್ಟಿಗೆ ಇಳಿಸಿ ಕೊಡುವುದು, ಅದು ಮಾತ್ರ ಸುಡುತ್ತಿತ್ತು. ಬೆರಳು ಇಟ್ಟರೆ ಚುರ್ ಎನ್ನಬೇಕು. ಬದಲಿಸಿದೆ, ಹೊಸದೂ ಸುಟ್ಟಿತು. ಮೂರನೆಯದು ಹಾಕಿದೆ, ಅದೂ ಅಷ್ಟೇ. ಸುಡುತ್ತದೆ, ಆದರೆ ದೀಪವೂ ಹತ್ತುತ್ತದೆ. ಹಾನಗಲ್ಲಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ಅಕೀಬನಿಗೆ ತೋರಿಸಿದೆ. ಅವನು ಮೀಟರು ಹಚ್ಚಿ ನೋಡಿ ಹಲ್ಲು ಕಿಸಿದ. "ಇಪ್ಪತ್ನಾಲ್ಕು ವೋಲ್ಟ್ ಬಾಯಾಗ ಹಾಕಿ ಐದ ಕೊಡು ಅಂದ್ರ, ಉಳಿದ ಹತ್ತೊಂಬತ್ತು ಬಿಸಿ ಆಗದ ಎಲ್ಲಿ ಹೋಗಬೇಕ್ರಿ ಅಣ್ಣಾ? ಬಿಸಿ ಹೀರಾಕ ಅದಕ್ಕೊಂದು ಅಲ್ಯುಮಿನಿಯಂ ಪಟ್ಟಿನರ ಕಟ್ಟೀರೇನು?" ಕಟ್ಟಿರಲಿಲ್ಲ. ಮಿಲ್ಲಿನ ಹಳೆ ಇಪ್ಪತ್ನಾಲ್ಕು ವೋಲ್ಟಿನ ಟ್ರಾನ್ಸ್‌ಫಾರ್ಮರ್ ಮೂಲೆಯಲ್ಲಿ ಬಿದ್ದಿದೆಯಲ್ಲ ಎಂದು ಅದನ್ನೇ ಹಾಕಿದ್ದೆ. ಪಟ್ಟಿ ಕಟ್ಟಿದರೆ ಡಬ್ಬಿಯ ಮುಚ್ಚಳ ಕೂರುವುದಿಲ್ಲ ಎಂದು ಬಿಟ್ಟಿದ್ದೆ. ಮೂವತ್ತು ವರ್ಷ ಮಿಲ್ಲಿನ ಮೋಟರು ಕಾಯ್ದ ದೊಡ್ಡ ಮನುಷ್ಯ ನಾನು, ಅಕೀಬ ಹೇಳಿದ್ದಕ್ಕೆ ಹೂಂ ಅನ್ನದೆ ಎದ್ದು ಬಂದೆ. ಸುಟ್ಟರೂ ಮೇಜಿನ ಮೇಲೆ ಕೆಲಸ ಮಾಡುತ್ತಿದೆಯಲ್ಲ, ಹಾಗಾದರೆ ಅವತ್ತು ಯಾಕೆ ನಿಂತಿತು ಎಂದು ನನ್ನ ಹಟ.

ಹೋದ ವಾರ ಸಾಕಾಗಿ ಡಬ್ಬಿಯನ್ನು ಮೊದಲಿನ ಜಾಗದಲ್ಲೇ, ಪಡಸಾಲೆಯ ಗೂಡಿನಲ್ಲಿ ಇಟ್ಟೆ. ಗೂಡು ಬಿಕೋ ಎನ್ನುತ್ತಿತ್ತು. ಯಾಕೆ ಹಾಗೆ ಕಾಣುತ್ತದೆ ಎಂದು ತಿಳಿಯಲು ಬಹಳ ಹೊತ್ತು ಬೇಕಾಯಿತು. ನಿನ್ನ ಕ್ರೋಶಾ ಹೊದಿಕೆ ಇರಲಿಲ್ಲ. ಟಿವಿಗೆ, ಮಿಕ್ಸರಿಗೆ, ನೀರಿನ ಫಿಲ್ಟರಿಗೆ ಎಲ್ಲದಕ್ಕೂ ಹೆಣೆದು ತೊಡಿಸಿದವಳು ನೀನು, ಈ ಡಬ್ಬಿಗೂ ಹಸಿರು ಅಂಚಿನದೊಂದು ಹೆಣೆದಿದ್ದೆ. "ಬಂದವರ ಮುಂದ ಬರೇ ಡಬ್ಬಿ ಚಂದ ಕಾಣ್ತೈತೇನು?" ಎಂದಿದ್ದೆ. ರಿಪೇರಿಗೆ ಕೂರುವಾಗ ಮೊದಲು ನಾನು ಅದನ್ನೇ ಕಿತ್ತು ಎಸೆದಿದ್ದು. ಮಂಚದ ಕೆಳಗಿತ್ತು, ಕೊಡವಿ ತೊಡಿಸಿದೆ. ಮನೆಯಲ್ಲಿ ನೀನಿದ್ದ ಹಾಗೆ ಆಯಿತು, ಸ್ವಲ್ಪ ಹೊತ್ತು ಅಲ್ಲೇ ಕೂತೆ. ಒಂದು ತಾಸಿಗೆ ಬಿಸಿ ದಾರದ ವಾಸನೆ ಬಂತು. ಓಡಿ ಹೋಗಿ ಗುಂಡಿ ಒತ್ತಿದೆ. ದೀಪ ಇಲ್ಲ! ಹೊದಿಕೆ ತೆಗೆದು ಗಾಳಿಗೆ ಇಟ್ಟೆ, ಆರಿದ ಮೇಲೆ ಮತ್ತೆ ಹತ್ತಿತು. ಬಿಸಿ ವಿಪರೀತವಾದರೆ ಆ ರೆಗ್ಯುಲೇಟರ್ ತಾನೇ ಬಂದಾಗುತ್ತದೆ, ತಣ್ಣಗಾದರೆ ಏಳುತ್ತದೆ. ನಾನು ಆರು ವಾರ ಹೊದಿಕೆ ತೆಗೆದಿಟ್ಟು ದೋಷ ಹುಡುಕಿದ್ದೆ. ಮೊದಲು ನಗು ಬಂತು, ಅಕ್ಕ. ಆಮೇಲೆ ಅತ್ತುಬಿಟ್ಟೆ.

ಹೊದಿಕೆಯದೇ ತಪ್ಪು, ಅಂದರೆ ನಿನ್ನದೇ ತಪ್ಪು ಎಂದು ಹೇಳಲು ನನ್ನ ನಾಲಿಗೆ ಈಗಲೂ ಒಂದು ಗಳಿಗೆ ತುರಿಸಿತು. ಅಲ್ಲ. ಹೊದಿಕೆ ಹಾಕಿದರೆ ಸಾಯುವಂಥ ಡಬ್ಬಿಯನ್ನು ನಮ್ಮ ಮನೆಗೆ ಮಾಡಿದವನು ನಾನು. ನೀನು ಏನನ್ನೂ ಬರಿದೆ ಬಿಡುವವಳಲ್ಲ ಎಂದು ಹುಟ್ಟಿದಾಗಿನಿಂದ ಗೊತ್ತಿತ್ತು. ಆಲಸ್ಯ ಮಾಡಿದ್ದು ನಾನು, ಓಣಿಯ ಎದುರು ಮಾತು ಕೇಳಿದ್ದು ನೀನು. ತಪ್ಪಾಯಿತು. ಮೊನ್ನೆ ಬುಧವಾರ ಅಕೀಬನ ಅಂಗಡಿಗೆ ಬಾಯಿ ಮುಚ್ಚಿಕೊಂಡು ಹೋಗಿ ಒಂಬತ್ತು ವೋಲ್ಟಿನ ಅಡಾಪ್ಟರ್ ತಂದೆ. ರೆಗ್ಯುಲೇಟರನ್ನು ಅಂಗೈಯಗಲದ ಅಲ್ಯುಮಿನಿಯಂ ಪಟ್ಟಿಗೆ ಬಿಗಿದು ಡಬ್ಬಿಯ ಬೆನ್ನಿಗೆ, ಹೊರಗೆ ಕೂಡಿಸಿದೆ. ನಿನ್ನ ಹೊದಿಕೆ ತೊಡಿಸಿಯೇ ಮೂರು ದಿನ ಹಗಲು ರಾತ್ರಿ ಬಿಟ್ಟಿದ್ದೇನೆ. ಈಗ ಬೆರಳು ಇಟ್ಟರೆ ಬೆಚ್ಚಗಿದೆ, ಅಷ್ಟೇ. ಪಟ್ಟಿಯಿಂದಾಗಿ ಹೊದಿಕೆ ಹಿಂದೆ ನಾಲ್ಕು ಬೆರಳು ಗಿಡ್ಡವಾಗಿದೆ, ಅದು ನನ್ನಿಂದ ಆಗುವ ರಿಪೇರಿ ಅಲ್ಲ.

ತನುಜಾಳಿಗೆ ನನ್ನ ಆಶೀರ್ವಾದ ಹೇಳು, ಅವಳ ಮೇಲೆ ನನಗೆ ಸಿಟ್ಟಿಲ್ಲ ಎಂದೂ ಹೇಳು. ಅವಳು ಹೆದರಿದ್ದು ಸರಿಯೇ ಇತ್ತು. ನಿನ್ನ ಶಾವಿಗೆ ಒಣಗಿಸಿ ಡಬ್ಬಿಗೆ ತುಂಬಿದ್ದೇನೆ, ಒಬ್ಬನೇ ಬಸಿದುಕೊಂಡು ತಿನ್ನಲು ಮನಸ್ಸಾಗಲಿಲ್ಲ. ಕಾಲು ಜೋಪಾನ.

ನಿನ್ನ ತಮ್ಮ,
ರುದ್ರೇಶ

ತಾ.ಕ.: ಸೋಮವಾರ ಮುಂಜಾನೆ, ಮಿಲ್ಲಿನ ಅವಸರದಲ್ಲಿ ಬರೆಯುತ್ತಿದ್ದೇನೆ. ಮುಖ್ಯ ಮಾತೇ ಬಿಟ್ಟಿದ್ದೆ. ಇಂಥದೇ ಇನ್ನೊಂದು ಡಬ್ಬಿ ಮಾಡಿದ್ದೇನೆ. ಬರುವ ರವಿವಾರ ಮೊದಲ ಬಸ್ಸಿಗೆ ಅದನ್ನು ಚೀಲದಲ್ಲಿ ಹಾಕಿಕೊಂಡು ಯಲವಿಗಿಗೆ ಬರುತ್ತೇನೆ. ನೀನು ಅಲ್ಲೇ ಇರುವುದಾದರೆ ತನುಜಾಳ ಬಾಗಿಲಿಗೆ ಕೂಡಿಸಿ, ಚಹಾ ಕುಡಿದು ಬರುತ್ತೇನೆ, ಒಂದು ಮಾತೂ ಆಡುವುದಿಲ್ಲ. ನನ್ನ ಜೊತೆ ಬರುವುದಾದರೆ ಅದನ್ನು ಚೀಲದಿಂದ ತೆಗೆಯುವುದೇ ಇಲ್ಲ. ತೆಗೆಯುವ ಹಾಗೆ ಮಾಡಬೇಡ, ಅಕ್ಕಾ.